ದಕ್ಕೆಯಲ್ಲಿ ಐಸು, ಕೆಸರಲ್ಲಿ ಗುಳ್ಳೆ

ಮಂಗಳೂರು ಬಂದರಿನಿಂದ ಬೆಂಗ್ರೆಗೆ ಹೋಗುವ ದೋಣಿ ಕಣ್ಣೆದುರೇ ಹೊರಟುಹೋಯಿತು. ತಪ್ಪು ನನ್ನದೇ. ದಕ್ಕೆಯಲ್ಲಿ ಐಸಿನ ದೊಡ್ಡ ಗಡ್ಡೆಗಳು ಯಂತ್ರಕ್ಕೆ ಬಿದ್ದು, ಪುಡಿಯಾಗಿ ಬೋಟಿನ ಹೊಟ್ಟೆಗೆ ಸುರಿಯುವುದನ್ನು ನೋಡುತ್ತ ಮೈಮರೆತಿದ್ದೆ.

ಇಳಿತದ ಹೊತ್ತು. ಫಲ್ಗುಣಿ ನದಿಯ ಅಂಚಿನ ಕಪ್ಪು ಕೆಸರಿನಲ್ಲಿ ಅಂಗೈಯಗಲ ನೀರು ನಿಂತಿತ್ತು. ಅಲ್ಲೊಂದು ಗುಳ್ಳೆ ಎದ್ದು ಒಡೆಯಿತು. ಸ್ವಲ್ಪ ತಡೆದು ಅದೇ ಜಾಗದಲ್ಲಿ ಇನ್ನೊಂದು. ಏಡಿಯೇ ಎಂದು ಕೇಳಿದೆ. ಬಲೆ ಹೊಲಿಯುತ್ತಿದ್ದ ಹಿರಿಯರು ತಲೆ ಎತ್ತದೆ, "ಏಡಿ ಅಲ್ಲ, ಗ್ಯಾಸ್. ಕೋಲು ಹಾಕಿದ್ರೆ ಇನ್ನೂ ಬರ್ತದೆ" ಎಂದರು.

ಗಾಳಿಯಾಡದ ಕೆಸರಿನಲ್ಲಿ ಕೊಳೆತದ್ದನ್ನು ಸೂಕ್ಷ್ಮಜೀವಿಗಳು ತಿಂದು ಬಿಡುವ ಮೀಥೇನ್ ಅದು. ಇದೇ ಅನಿಲ ಆಳಗಡಲ ತಳದಲ್ಲಿ ಜಿನುಗಿದರೆ ಕಥೆ ಬೇರೆ. ಅಲ್ಲಿನ ಒತ್ತಡಕ್ಕೂ ತಂಪಿಗೂ ನೀರಿನ ಅಣುಗಳು ಮೀಥೇನಿನ ಸುತ್ತ ಪಂಜರ ಕಟ್ಟುತ್ತವೆ. ಹಾಗೆ ಆದ ಗಡ್ಡೆಯೇ ಮೀಥೇನ್ ಹೈಡ್ರೇಟ್: ನೋಡಲು ಥೇಟ್ ಐಸು, ಕಡ್ಡಿ ಗೀರಿದರೆ ಉರಿಯುತ್ತದೆ. ಒಂದು ಘನ ಮೀಟರ್ ಗಡ್ಡೆಯೊಳಗೆ ಸುಮಾರು 160 ಘನ ಮೀಟರ್ ಅನಿಲ!

ಹಿರಿಯರಿಗೆ 2000ನೇ ಇಸವಿಯ ಸಂಗತಿ ಹೇಳಿದೆ. ಕೆನಡಾದ ವ್ಯಾಂಕೂವರ್ ದ್ವೀಪದಾಚೆ, ಸುಮಾರು 800 ಮೀಟರ್ ಆಳದಿಂದ ಎಳೆದ ಟ್ರಾಲ್ ಬಲೆಯಲ್ಲಿ ಟನ್ನಿಗೂ ಮಿಕ್ಕಿ ಇಂಥ ಗಡ್ಡೆ ಬಂದಿತ್ತು. ಬೋಟಿನ ಮೇಲೆ ಬುಸುಗುಡತೊಡಗಿದ್ದೇ ತಡ, ಕಡಲಿಗೇ ಎಸೆದುಬಿಟ್ಟರು.

ಸೂಜಿ ನಿಂತಿತು. "ನಾವು ದುಡ್ಡು ಕೊಟ್ಟು ಐಸು ತುಂಬಿಸಿಕೊಂಡು ಹೋಗುದು ಮಾರಾಯ್ರೆ. ಅವರಿಗೆ ಕಡಲೇ ಕೊಟ್ಟದ್ದು, ಬಿಸಾಡಿದ್ರಾ?" ಮತ್ತೆ, "ನಮ್ಮಲ್ಲಿ ಉಂಟಾ?"

ಇಲ್ಲಿ ಕರೆಯಿಂದ ಹತ್ತಾರು ಮೈಲಿ ಹೋದರೂ ಕಡಲು 200 ಮೀಟರ್ ಆಳವಿಲ್ಲ, ಗಡ್ಡೆ ನಿಲ್ಲುವ ಮಾತೇ ಇಲ್ಲ ಎಂದೆ. 2006ರಲ್ಲಿ 'ಜಾಯ್ಡಿಸ್ ರೆಸಲ್ಯೂಷನ್' ಹಡಗು ಕೇರಳ-ಕೊಂಕಣದ ಆಳಗಡಲಲ್ಲಿ ಒಂದು ಕಡೆ ಕೊರೆದಾಗಲೂ ಬರಿಗೈ. ಅದೇ ಹಡಗಿಗೆ ಮೂಡಲ ಕಡಲಿನ ಕೃಷ್ಣಾ-ಗೋದಾವರಿ ಪ್ರದೇಶದಲ್ಲಿ ನೂರು ಮೀಟರಿಗೂ ದಪ್ಪದ ಪದರ ಸಿಕ್ಕಿತು. ನನಗೇಕೋ ಸ್ವಲ್ಪ ಹೊಟ್ಟೆಕಿಚ್ಚು.

ಆ ಕಡೆ ಅನಿಲ ಜಿನುಗುವೆಡೆ ನಮ್ಮ ಪಚ್ಚಿಲೆ ಎಂಬ ಚಿಪ್ಪುಜೀವಿಯ ದಾಯಾದಿಗಳೂ ಗುಂಪುಗಟ್ಟಿವೆ. ಅವುಗಳ ಕಿವಿರಿನಲ್ಲಿ ಮನೆಮಾಡಿದ ಬ್ಯಾಕ್ಟೀರಿಯಾಗಳೇ ಅವಕ್ಕೆ ಊಟ ಒದಗಿಸುತ್ತವೆ, ಬಿಸಿಲಿನ ಹಂಗಿಲ್ಲ. ಇದನ್ನು ಹೇಳುವಷ್ಟರಲ್ಲಿ ದೋಣಿ ಬಂತು. ಹತ್ತಿ ಕೂತ ಮೇಲೆ ದಕ್ಕೆಯಿಂದ ಕೂಗು ಕೇಳಿತು: "ಆ ಪಚ್ಚಿಲೆ ಸುಕ್ಕ ಮಾಡ್ಲಿಕ್ಕೆ ಆಗ್ತದಾ?"