ಕಪ್ಪಾದ ಕ್ಯಾಲ್ಕುಲೇಟರ್

ಯುಗಾದಿ ಮುಗಿದ ವಾರ ಫಿಸಿಕ್ಸ್ ಸರ್ ತೀರಿಕೊಂಡರು. ಮಣ್ಣಿಗೆ ಹೋಗಲಾಗಲಿಲ್ಲ. ಮೂರನೇ ದಿನ ರಾಯಚೂರಿಗೆ ಬಂದಾಗ ತೀನ್ ಕಂದೀಲ್ ಹತ್ತಿರ ಹಳೇ ಗೆಳೆಯರು ಸಿಕ್ಕರು. ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು ಕೂತರೆ ಎಲ್ಲರ ಬಾಯಲ್ಲೂ ಆ ಕ್ಯಾಲ್ಕುಲೇಟರ್ ಮಾತೇ. ಎರಡು ವರ್ಷದ ಪಾಠದಲ್ಲಿ ಒಂದು ಸಾಲೂ ಯಾರಿಗೂ ನೆನಪಿಲ್ಲ!

ಸರ್ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಒಂದು ದಿನ ಮೂವರು ಸೇರಿ ಎಗರಿಸಿ, ಸೈಕಲ್ ಸ್ಟ್ಯಾಂಡಿನ ತಗಡಿನ ಮೇಲೆ ಬಚ್ಚಿಟ್ಟೆವು. ಮಾರ್ಚ್ ತಿಂಗಳ ನಮ್ಮೂರ ಬಿಸಿಲು. ಮಧ್ಯಾಹ್ನ ಇಳಿಸಿದರೆ ಪರದೆ ಪೂರ್ತಿ ಮಸಿ ಬಳಿದಂತೆ ಕಪ್ಪು.

"ಯಾವನ್ಲೇ ಇದನ್ನ ಬಿಸಿಲಿಗಿಟ್ಟಾಂವ?"

ನಾನೇ ಒಪ್ಪಿಕೊಂಡೆ. (ಉಳಿದಿಬ್ಬರು ಈಗ ತಾವು ಅನ್ನುತ್ತಾರೆ.) ಸರ್ ಹೊಡೆಯಲಿಲ್ಲ. ಹರವಿಗೆ ಸುತ್ತಿದ್ದ ಹಸಿ ಬಟ್ಟೆಗೆ ಅದನ್ನು ಆನಿಸಿ, "ನೋಡ್ಕೋತ ನಿಂದ್ರು" ಅಂದರು. ಅಂಚಿನಿಂದ ಕಪ್ಪು ಸರಿಯುತ್ತ ಅಂಕಿಗಳು ಎದ್ದುಬಂದವು. ಒಳಗಿರುವುದು ದ್ರವ ಹರಳು, ಹರಿಯುತ್ತದೆ, ಆದರೂ ಅಣುಗಳು ಸಾಲು ಹಿಡಿದಿರುತ್ತವೆ; ಕಾದರೆ ಸಾಲು ಕೆಟ್ಟು ಬೆಳಕು ದಾಟುವುದಿಲ್ಲ ಎಂದರು. 1888ರಲ್ಲಿ ರೈನಿಟ್ಸರ್ ಎಂಬಾತ ಗಜ್ಜರಿಯಿಂದ ತೆಗೆದ ಕೊಲೆಸ್ಟರಾಲಿನ ಬೆಂಜೊಯೇಟ್ ಎಂಬ ಸಂಯುಕ್ತವನ್ನು ಕಾಯಿಸಿದಾಗ ಅದು 145 ಡಿಗ್ರಿಗೆ ಕರಗಿ ಮಬ್ಬಾಗಿ, 178ಕ್ಕೆ ತಿಳಿಯಾದ ಕಥೆಯನ್ನೂ ಹೇಳಿದರು; ನಡುವಿನ ಆ ಮಬ್ಬೇ ದ್ರವ ಹರಳು. ಶಿಕ್ಷೆ ಏನೆಂದರೆ, ಪ್ಲಾಸ್ಟಿಕ್ ಚೀಲದಲ್ಲಿ ಅದನ್ನು ಬಿಸಿನೀರಿಗೆ ಬಿಟ್ಟು, ಎಷ್ಟು ಡಿಗ್ರಿಗೆ ಕಪ್ಪಾಗುತ್ತದೆಂದು ವಾರವಿಡೀ ಬರೆದಿಡುವುದು. ಈಗ ಅದೇ ಲ್ಯಾಬಿಗೆ ಬೀಗ. ಪಕ್ಕದ ಕೋಣೆಯಲ್ಲಿ ನೀಟ್ ಪ್ರಶ್ನೆಗಳ ಉರು ಹೊಡೆತ.

ಮುಂದೆ ಬೆಂಗಳೂರಿನಲ್ಲಿ ನನ್ನ ಸಂಶೋಧನೆಯೂ ದ್ರವ ಹರಳಿನದೇ. ಕಣ್ಣಿಗೆ ಕಾಣದ 1064 ನ್ಯಾನೊಮೀಟರಿನ ಲೇಸರ್ ಒಳಗೆ ಬಿಟ್ಟರೆ ಆವರ್ತನ ಇಮ್ಮಡಿಯಾಗಿ, ಅಂದರೆ ತರಂಗಾಂತರ ಅರ್ಧಕ್ಕಿಳಿದು, 532ರ ಹಸಿರು ಹೊರಬರಬೇಕು. ಮಾಮೂಲಿ ನೆಮ್ಯಾಟಿಕ್ ಹರಳಿನಲ್ಲಿ (ಕಡ್ಡಿಯಂಥ ಅಣುಗಳು ಒಂದೇ ಗೆರೆಗೆ ಸಾಲುಗೊಂಡ ಬಗೆ) ಬಾರದು, ಅಣುಗಳು ಅರ್ಧ ಈ ಕಡೆ, ಅರ್ಧ ಆ ಕಡೆ ಮುಖ ಮಾಡಿರುತ್ತವೆ. ರಜೆಗೆ ಬಂದಾಗ ಸರ್‌ಗೆ ಇದನ್ನು ವಿವರಿಸಿದೆ. "ಬಂಡಿಗೆ ಹಿಂದೊಂದು ಮುಂದೊಂದು ಎತ್ತು ಹೂಡಿದ್ಹಂಗ ಅನ್ನು," ಅಂದರು. ಅಣುಗಳೆಲ್ಲ ಒಂದೇ ಕಡೆ ಮುಖ ಮಾಡಬಲ್ಲ ಫೆರೋಎಲೆಕ್ಟ್ರಿಕ್ ಬಗೆಯದಕ್ಕೆ ವಿದ್ಯುತ್ ಕ್ಷೇತ್ರ ಕೊಟ್ಟು ಎತ್ತುಗಳನ್ನು ಒಂದೇ ಕಡೆ ತಿರುಗಿಸಿದ ರಾತ್ರಿ ಮಸುಕು ಹಸಿರು ಕಂಡಿತು. ನನ್ನ ಪ್ರಬಂಧವನ್ನು ಪರೀಕ್ಷಕರು ಹೊಗಳಿದ್ದನ್ನು ಇಲ್ಲಿ ಹೇಳಬೇಕಿಲ್ಲ, ಹೇಳಿಬಿಟ್ಟೆ.

ಹಸಿರು ಕಂಡ ರಾತ್ರಿಯೇ ಸರ್‌ಗೆ ಫೋನ್ ಮಾಡಿ ಒಂದು ಹಳೇ ಕಥೆ ಹೇಳಿದ್ದೆ. 1961ರಲ್ಲಿ ಫ್ರಾಂಕೆನ್ ತಂಡ ಸ್ಫಟಿಕಶಿಲೆಯಲ್ಲಿ ಮೊದಲ ಬಾರಿಗೆ ಬೆಳಕಿನ ಆವರ್ತನ ಇಮ್ಮಡಿಸಿತ್ತು. ಅದಕ್ಕೆ ಸಾಕ್ಷಿಯಾಗಿದ್ದ ಚಿತ್ರದ ಸಣ್ಣ ಚುಕ್ಕೆಯನ್ನು ವಿಜ್ಞಾನ ಪತ್ರಿಕೆಯವರು ಕೊಳೆ ಎಂದುಕೊಂಡು ಅಳಿಸಿಬಿಟ್ಟಿದ್ದರು. ಇದನ್ನು ಕೇಳಿ ಅತ್ತ ಕಡೆಯಿಂದ ದೊಡ್ಡ ನಗು.

"ನಿನ್ನ ಲ್ಯಾಬ್ ಜರ್ನಲ್ ತಿದ್ದುವಾಗ ನಾನೂ ಹಂಗ ಏನೇನ್ ಅಳಿಸೀನೋ ಏನೋ, ತಮ್ಮಾ."