ಆ ಹುಡುಗ ನೀವೇ ಅಲ್ಲವೇ? ಮತ್ತೇಕೆ ಬಿಟ್ಟಿರಿ?

ಮದುವೆಯೂಟದ ಪಂಕ್ತಿಯಲ್ಲಿ, ಕುಂಬಳೆ ಪೇಟೆಯಲ್ಲಿ ಬಸ್ ಕಾಯುವಾಗ, ಬ್ಯಾಂಕಿನ ಕೌಂಟರಿನ ಆಚೆಯಿಂದ, ಎಲ್ಲಿಂದ ಬೇಕಾದರೂ ಈ ಪ್ರಶ್ನೆ ಬರುತ್ತದೆ: “ರೇಡಿಯೋ ನಾಟಕದಲ್ಲಿ, ಆಮೇಲೆ ಸಿನಿಮಾದಲ್ಲಿ ಇದ್ದ ಹುಡುಗ ನೀವೇ ಅಲ್ಲವೇ? ಯಾಕೆ ಬಿಟ್ಟಿರಿ?” ನಾನು ಬಿಡಲಿಲ್ಲ. ಸ್ವರ ಒಡೆಯಿತು. ಇಷ್ಟು ಹೇಳಿದರೆ ಯಾರೂ ಸುಮ್ಮನಾಗುವುದಿಲ್ಲವಾದ್ದರಿಂದ ತುಸು ಉದ್ದವಾಗಿಯೇ ಬರೆಯುತ್ತೇನೆ.

ಮಂಗಳೂರು ಆಕಾಶವಾಣಿ ಆರಂಭವಾದದ್ದು 1976ರ ಡಿಸೆಂಬರಿನಲ್ಲಿ. ನಾವು ಕಾಸರಗೋಡಿನವರು 1956ರಲ್ಲೇ ಕೇರಳಕ್ಕೆ ಸೇರಿಹೋಗಿದ್ದರೂ ಗಡಿಯ ತಲಪಾಡಿಯಲ್ಲಿ ರೇಡಿಯೋ ಅಲೆಯನ್ನು ತಡೆಯುವವರಿರಲಿಲ್ಲ. ಹತ್ತು ವರ್ಷದವನಾಗಿದ್ದಾಗ ಶಾಲೆಯ ಮಾಸ್ತರರೊಬ್ಬರು ನನ್ನನ್ನು ಕದ್ರಿಯ ನಿಲಯಕ್ಕೆ ಧ್ವನಿ ಪರೀಕ್ಷೆಗೆ ಕರೆದೊಯ್ದರು. ಮೈಕ್ ಎತ್ತರದಲ್ಲಿತ್ತು, ಸ್ಟೂಲಿನ ಮೇಲೆ ನಿಲ್ಲಿಸಿದರು. ಹಾಳೆಗಳ ಪಿನ್ನು ತೆಗೆಸಿದರು. ಓದಿ ಮುಗಿದ ಹಾಳೆಯನ್ನು ಮಗುಚಿದರೆ ಸದ್ದಾಗುತ್ತದೆ, ಮೆಲ್ಲನೆ ಕೈಬಿಟ್ಟು ನೆಲಹಾಸಿನ ಮೇಲೆ ಬೀಳಲು ಬಿಡಬೇಕು. ದೂರದಿಂದ ಓಡಿಬರುವ ಹುಡುಗನಾಗಲು ಓಡಬೇಕಾಗಿಲ್ಲ. ಮೈಕಿಗೆ ಬೆನ್ನು ಹಾಕಿ ಮಾತು ಶುರುಮಾಡಿ ನಿಧಾನವಾಗಿ ತಿರುಗಿದರೆ ಸಾಕು. ಅಳುವುದಕ್ಕೆ ಕಣ್ಣೀರು ಬೇಡ, ಉಸಿರು ಬೇಕು. ಇವತ್ತಿಗೂ ನನಗೆ ಗೊತ್ತಿರುವ ವಿದ್ಯೆ ಎಂದರೆ ಇಷ್ಟೇ.

ಸಿನಿಮಾದಲ್ಲಿ ಎಲ್ಲವೂ ತಿರುಗಾಮುರುಗಾ. ಅಲ್ಲಿ ಕಣ್ಣೀರು ಬೇಕು, ಅದಕ್ಕೆ ಗ್ಲಿಸರಿನ್ ಇದೆ. ಸ್ವರವನ್ನು ಆಮೇಲೆ ನೋಡಿಕೊಳ್ಳೋಣ ಎನ್ನುತ್ತಾರೆ. ಚಿತ್ರೀಕರಣ ಬೇಸಗೆ ರಜೆಯಲ್ಲಿ ಮುಗಿಯಿತು. ಡಬ್ಬಿಂಗಿಗೆ ಬೆಂಗಳೂರಿಗೆ ಕರೆಸಿದ್ದು ದೀಪಾವಳಿ ಕಳೆದ ಮೇಲೆ. ಅಷ್ಟರಲ್ಲಿ ನನಗೆ ಹದಿಮೂರು ತುಂಬಿತ್ತು, ಗಂಟಲಲ್ಲಿ ಯಾರೋ ಗಂಡಸು ಬಂದು ಕುಳಿತಿದ್ದ. ಪರದೆಯ ಮೇಲೆ ಎಳೆಯ ಹುಡುಗ ಬಾಯಿ ತೆರೆಯುತ್ತಾನೆ, ಇತ್ತ ನನ್ನಿಂದ ಹೊರಡುವುದು ಕಪ್ಪೆಯ ಸ್ವರ. ಕೊನೆಗೆ ನಡುವಯಸ್ಸಿನ ಮಹಿಳೆಯೊಬ್ಬರು ಬಂದು ಅರ್ಧ ದಿನದಲ್ಲಿ ನನ್ನ ಮಾತನ್ನೆಲ್ಲ ಆಡಿ, ಕಾಫಿ ಕುಡಿದು ಹೋದರು. ಚೆನ್ನಾಗಿಯೇ ಆಡಿದರು. ನನ್ನ ಕುಂಬಳೆ ಕನ್ನಡವೊಂದು ಉಳಿಯಲಿಲ್ಲ.

ನಮ್ಮೂರು ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗನಿಗೆ ಮೆಟ್ಟಿಲುಗಳಿವೆ: ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ, ಪುಂಡುವೇಷ. ಸ್ವರ ಒಡೆದವನಿಗೂ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಬಣ್ಣದ ಮನೆಯಲ್ಲಿ, ಒಂದು ಜಾಗ ಇದ್ದೇ ಇರುತ್ತದೆ. ಸಿನಿಮಾದವರಿಗೆ ಬೇಕಾಗಿದ್ದದ್ದು ಹುಡುಗ. ಮೀಸೆ ಮೂಡಿದವನು ಅವರಿಗೆ ಹೊಸಬ. ಇಪ್ಪತ್ತು ದಾಟಿದ ಮೇಲೆ ಮತ್ತೆ ರೇಡಿಯೋದ ಧ್ವನಿ ಪರೀಕ್ಷೆಗೆ ಹೋಗಿ ಪಾಸಾದೆ. ಸಿಕ್ಕಿದ್ದು ಅಂಚೆಯವನ ಪಾತ್ರ, ಒಂದೇ ಮಾತು: “ಸಾರ್, ತಂತಿ ಬಂದಿದೆ.” ಅದಕ್ಕಾಗಿ ಒಂದು ದಿನ ರಜೆ ಹಾಕಿದ್ದೆ.

2018ರಲ್ಲಿ ಕಾಸರಗೋಡಿನ ಕನ್ನಡ ಶಾಲೆಯ ಕಥೆಯುಳ್ಳ ಸಿನಿಮಾ ಬಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆದ ಮೇಲೆ, ಮಗುವನ್ನು ಅಭಿನಯಕ್ಕೆ ಕಳುಹಿಸಬಹುದೇ ಎಂದು ಕೇಳುವವರೂ ಸೇರಿಕೊಂಡಿದ್ದಾರೆ. ಕಳುಹಿಸಿ. ಆದರೆ ಬಾಲಕಾರ್ಮಿಕ ಕಾಯ್ದೆಯ 2017ರ ನಿಯಮ ತಿಳಿದಿರಲಿ: ಮಗುವಿನಿಂದ ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ, ವಿಶ್ರಾಂತಿಯಿಲ್ಲದೆ 3 ಗಂಟೆ ಮೀರುವಂತಿಲ್ಲ, ಸಂಪಾದನೆಯ ಕನಿಷ್ಠ ಶೇ. 20ನ್ನು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಬೇಕು. ನನಗೆ ಬರಬೇಕಿದ್ದ ಬಾಕಿ ಹಣ ಬರಲೇ ಇಲ್ಲ, ಅದು ಬೇರೆ ಮಾತು. ಅಂಥದೇ ಬ್ಯಾಂಕಿನ ಕೌಂಟರಿನಲ್ಲಿ ಕುಳಿತಿದ್ದೇನೆ. ಅಂಥ ಠೇವಣಿ ಇಡಲು ಈವರೆಗೆ ನನ್ನ ಬಳಿಗೆ ಒಬ್ಬರೂ ಬಂದಿಲ್ಲ.

ನನ್ನ ನಾಟಕಗಳ ಟೇಪುಗಳನ್ನು ಅಳಿಸಿ ಬೇರೆ ಕಾರ್ಯಕ್ರಮಕ್ಕೆ ಬಳಸಿಬಿಟ್ಟರಂತೆ. ಸಿನಿಮಾ ಮಾತ್ರ ಮೊಬೈಲಿನಲ್ಲೇ ಸಿಗುತ್ತದೆ. ಮೊನ್ನೆ ಮಗಳು ನೋಡುತ್ತಾ ಕೇಳಿದಳು, “ಅಪ್ಪಾ, ಸಣ್ಣವನಿದ್ದಾಗ ನಿನ್ನ ಸ್ವರ ಹೀಗಿತ್ತೇ?”

ಹೌದು ಎಂದೆ.

“ಇಲ್ಲ” ಎಂದರು ಅಮ್ಮ, ಅಡುಗೆಮನೆಯಿಂದಲೇ.