ಒಹಾಯೋದ ಕರಿ ಜೌಗು ಬತ್ತಿಸಿದ ಯಂತ್ರ

ನಾವಿರೋದು ಒಹಾಯೋ ರಾಜ್ಯದ ವಾಯವ್ಯ ಮೂಲೆಯಲ್ಲಿ, ಟೊಲೀಡೋದಿಂದ ದಕ್ಷಿಣಕ್ಕೆ ಮುಕ್ಕಾಲು ಗಂಟೆ ಕಾರಲ್ಲಿ ಬಂದ್ರೆ ಫಿಂಡ್ಲೇ ಅಂತ ಊರು ಸಿಗುತ್ತೆ, ಅದರ ಹತ್ರ. ಗುಡ್ಡ ಅನ್ನೋದೇ ಇಲ್ಲ ಇಲ್ಲಿ. ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ, ಸೋಯಾ, ಚಳಿಗಾಲದ ಗೋಧಿ, ನಡುವೆ ಗೆರೆ ಎಳೆದಂಗೆ ನೇರ ರಸ್ತೆ, ರಸ್ತೆ ಪಕ್ಕಕ್ಕೇ ಆಳದ ಕಾಲುವೆ. ಹೊಸದಾಗಿ ಬಂದಾಗ ಅವು ನೀರಾವರಿ ಕಾಲುವೆ ಅಂತಲೇ ಎಲ್ಲರಿಗೂ ಅನ್ಸುತ್ತೆ. ಆದ್ರೆ ಅವು ಹೊಲಕ್ಕೆ ನೀರು ತರೋಕಲ್ಲ, ಹೊಲದಿಂದ ನೀರು ಹೊರಗೆ ಹಾಕೋಕೆ ಇರೋದು. ಊರಲ್ಲಿ ಅಪ್ಪಂಗೆ ಫೋನಲ್ಲಿ ಹೇಳಿದ್ರೆ ನಂಬಲೇ ಇಲ್ಲ, "ನೀರ ಬೇಕಂತ ನಾವಿಲ್ಲಿ ಸಾಯಾಕತ್ತೀವಿ, ಅವ್ರು ನೀರ ಹೊರಗ ಹಾಕಾಕ ರೊಕ್ಕ ಕೊಡ್ತಾರೇನು?" ಅಂದ್ರು. ಹೌದು, ಕೊಡ್ತಾರೆ, ನೂರೈವತ್ತು ವರ್ಷದಿಂದ ಕೊಡ್ತಾ ಬಂದಿದ್ದಾರೆ.

ಯಾಕಂದ್ರೆ ಈ ಸೀಮೆ ಪೂರ್ತಿ ಮೊದಲು ಜೌಗು. ಗ್ರೇಟ್ ಬ್ಲ್ಯಾಕ್ ಸ್ವಾಂಪ್ ಅಂತ ಹೆಸರು, ಹೆಚ್ಚುಕಮ್ಮಿ 120 ಮೈಲಿ ಉದ್ದ, 40 ಮೈಲಿ ಅಗಲ, ಒಹಾಯೋ ದಾಟಿ ಇಂಡಿಯಾನಾ ಒಳಗೂ ಹೋಗಿತ್ತು. ಹಿಮಯುಗದ ಕೊನೆಯಲ್ಲಿ ಇಲ್ಲೊಂದು ದೊಡ್ಡ ಸರೋವರ ಇತ್ತು, ಅದರ ತಳದಲ್ಲಿ ಕೂತ ಜೇಡಿಮಣ್ಣೇ ಈಗಿನ ಹೊಲ. ಮಣ್ಣು ಜೇಡಿ, ನೆಲ ಸಮತಟ್ಟು, ಅಂದ್ಮೇಲೆ ಮಳೆ ಬಿದ್ದ ನೀರು ಇಂಗೋದೂ ಇಲ್ಲ ಹರಿಯೋದೂ ಇಲ್ಲ, ಅಲ್ಲೇ ನಿಂತು ಸೊಳ್ಳೆ, ಮಲೇರಿಯಾ ಜ್ವರ. ಇದರ ಮಧ್ಯೆ ಹಾಯ್ದು ಹೋಗೋ ಒಂದು ರಸ್ತೇಲಿ 31 ಮೈಲಿಗೆ 31 ಹೋಟೆಲು ಇದ್ವು ಅಂತ ಇಲ್ಲಿನವರು ಇವತ್ತಿಗೂ ಹೇಳ್ತಾರೆ, ಗಾಡಿ ಕೆಸರಲ್ಲಿ ಹೂತು ದಿನಕ್ಕೆ ಒಂದು ಮೈಲಿ ಹೋಗೋದೇ ಕಷ್ಟ ಇದ್ರೆ ಮೈಲಿಗೊಂದು ಹೋಟೆಲು ಬೇಕೇ ಬೇಕಲ್ವಾ.

ಜೌಗು ಬತ್ತಿಸೋ ಉಪಾಯ ಗೊತ್ತಿತ್ತು. ಮಣ್ಣಿನಡಿ ಮೂರು ಅಡಿ ಆಳದಲ್ಲಿ ಸುಟ್ಟ ಮಣ್ಣಿನ ಕೊಳವೆ ಹೂಳೋದು. ಇಲ್ಲಿ ಅದಕ್ಕೆ ಟೈಲ್ ಅಂತಾರೆ, ಒಂದೊಂದು ಒಂದಡಿ ಉದ್ದ, ಒಂದಕ್ಕೊಂದು ತಾಗಿಸಿ ಸಾಲಾಗಿ ಇಟ್ಟು ಮುಚ್ಚಿಬಿಡೋದು, ಸಂದಿಯಲ್ಲಿ ನೀರು ಒಳಗೆ ಬಸಿದು ಕಾಲುವೆಗೆ ಹೋಗುತ್ತೆ. ಜಾನ್ ಜಾನ್ಸ್ಟನ್ ಅಂತ ಸ್ಕಾಟ್ಲೆಂಡಿಂದ ಬಂದ ರೈತ 1830ರ ದಶಕದಲ್ಲೇ ನ್ಯೂಯಾರ್ಕ್ ರಾಜ್ಯದ ಜಿನೀವಾ ಹತ್ರ ತನ್ನ ಹೊಲದಲ್ಲಿ ಇದನ್ನ ಮಾಡಿ ತೋರಿಸಿದ್ದ. ಆಮೇಲೆ ಒಹಾಯೋದಲ್ಲಿ 1859ರಲ್ಲಿ ನೀರು ಹೊರಗೆ ಹಾಕೋ ಕಾಲುವೆ ತೋಡಿಸೋಕೆ ಅಂತ ಕಾನೂನು ಬಂತು, ಕಾಲಿನಡಿ ಜೇಡಿಮಣ್ಣು ಬೇಕಾದಷ್ಟು ಇದ್ದಿದ್ರಿಂದ ಹತ್ತಿರದಲ್ಲೇ ಟೈಲ್ ಭಟ್ಟಿಗಳೂ ಎದ್ದವು. ಆದ್ರೆ ಟ್ರೆಂಚ್ ತೋಡೋರು ಯಾರು? ಕೂಲಿ ಆಳುಗಳು, ಉದ್ದ ಬಾಯಿನ ಕಿರಿದಾದ ಸಲಿಕೆ ಹಿಡ್ಕೊಂಡು, ಮೊಣಕಾಲು ಮಟ್ಟ ಕೆಸರಲ್ಲಿ.

ಇಲ್ಲಿ ಒಂದು ವಿಷಯ ಅರ್ಥ ಮಾಡ್ಕೋಬೇಕು, ನಾನು ಇಷ್ಟು ಬರೀತಿರೋದೇ ಅದಕ್ಕೆ. ಮಣ್ಣು ಎತ್ತೋದು ಈ ಕೆಲಸದಲ್ಲಿ ದೊಡ್ಡ ಮಾತಲ್ಲ. ಟ್ರೆಂಚಿನ ತಳಕ್ಕೆ ಸರಿಯಾದ ವಾಟ, ಅಂದ್ರೆ ನೀರು ಹರಿಯೋ ಇಳಿಜಾರು, ಕೊಡೋದು ದೊಡ್ಡದು. ಸಪಾಟು ಹೊಲದಲ್ಲಿ ಟೈಲಿಗೆ ಸಿಗೋ ವಾಟ ಎಷ್ಟೋ ಸಲ ಸಾವಿರಕ್ಕೆ ಒಂದು, ಅಂದ್ರೆ 100 ಅಡಿಗೆ 1 ಇಂಚಿಗಿಂತ ಒಂಚೂರು ಜಾಸ್ತಿ ಅಷ್ಟೇ. ನಡುವೆ ಎಲ್ಲಾದ್ರೂ ತಳ ಎರಡು ಇಂಚು ತಗ್ಗಾಯ್ತು ಅನ್ನಿ, ಅಲ್ಲಿ ನೀರು ನಿಧಾನ ಆಗಿ ಹೂಳು ಕೂತು ಕೆಲವೇ ವರ್ಷದಲ್ಲಿ ಪೈಪ್ ಕಟ್ಟಿಕೊಳ್ಳುತ್ತೆ, ಅದರ ಮೇಲಿನ ಸಾಲೆಲ್ಲ ದಂಡ. ಅದೂ ಮಣ್ಣು ಮುಚ್ಚಿದ ಮೇಲೆ ಯಾರಿಗೂ ಕಾಣಲ್ಲ.

ಕುದುರೆ ಕಟ್ಟಿ ಎಳೆಸೋ ಟ್ರೆಂಚ್ ಯಂತ್ರಗಳು 1850ರ ದಶಕದಿಂದಲೇ ಇದ್ವು. ಒಂದೊಂದು ಸಲ ಹೋದಾಗ ಕೆಲವು ಇಂಚು ಮಣ್ಣು ತೆಗೆಯೋದು, ಮತ್ತೆ ತಿರುಗಿ ಅದೇ ಗೆರೆ ಮೇಲೆ, ಮತ್ತೆ ಮತ್ತೆ. ನೆಲದ ಏರಿಳಿತ ಹೆಂಗಿದೆಯೋ ತಳವೂ ಹಂಗೇ ಏರಿಳಿಯೋದು, ಕೊನೆಗೆ ತಳ ಸರಿ ಮಾಡೋಕೆ ಮತ್ತೆ ಮನುಷ್ಯನೇ ಇಳೀಬೇಕಿತ್ತು. ಅಂದ್ರೆ ಸುಲಭದ ಅರ್ಧ ಕೆಲಸ ಯಂತ್ರ ಮಾಡಿ, ಕಷ್ಟದ ಅರ್ಧ ಕೂಲಿಯವನಿಗೇ ಉಳೀತಿತ್ತು.

ಜೇಮ್ಸ್ ಹಿಲ್ ಅನ್ನೋ ಬೌಲಿಂಗ್ ಗ್ರೀನ್ ಊರಿನವನು 1892ರಲ್ಲಿ ಬೇರೆ ದಾರಿ ಹಿಡಿದ, 1894ರಲ್ಲಿ ಪೇಟೆಂಟ್ ಸಿಕ್ತು. ಬಕೈ ಸ್ಟೀಮ್ ಟ್ರಾಕ್ಷನ್ ಡಿಚರ್ ಅಂತ ಹೆಸರಾಯ್ತು, ಬಕೈ ಅಂದ್ರೆ ಒಹಾಯೋದ ರಾಜ್ಯ ಮರ, ಡಿಚರ್ ಅಂದ್ರೆ ಟ್ರೆಂಚ್ ತೋಡೋ ಯಂತ್ರ. ಇದರ 88ನೇ ನಂಬರಿನ ಯಂತ್ರ, 1902ರಲ್ಲಿ ಮಾಡಿದ್ದು, ಫಿಂಡ್ಲೇ ಊರಿನ ಹ್ಯಾನ್‌ಕಾಕ್ ಮ್ಯೂಸಿಯಮ್ಮಲ್ಲಿ ಇದೆ. ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘ 1988ರಲ್ಲಿ ಅದಕ್ಕೆ ಚಾರಿತ್ರಿಕ ಹೆಗ್ಗುರುತು ಅಂತ ಮನ್ನಣೆ ಕೊಟ್ಟಿದೆ. ನಮ್ಮ ಮನೆಗೆ ಊರಿಂದ ಯಾರು ಬಂದ್ರೂ ನಯಾಗರಕ್ಕೆ ಮೊದಲು ಅಲ್ಲಿಗೇ ಕರ್ಕೊಂಡು ಹೋಗ್ತೀನಿ.

ಮುಂದೆ ಹಬೆ ಇಂಜಿನ್, ಬಾಯ್ಲರ್, ಹಿಂದೆ ದೊಡ್ಡ ಕಬ್ಬಿಣದ ಚಕ್ರ. ಆ ಚಕ್ರದ ಹತ್ರ ನಿಂತು ನೋಡಬೇಕು. ನಡುವೆ ಅಚ್ಚೇ ಇಲ್ಲ, ಅರಗಳೂ ಇಲ್ಲ, ದೊಡ್ಡ ಬಳೆ ತರ ಬರೀ ಅಂಚು. ಅಂಚಿಗೇ ಹಲ್ಲು, ಇಂಜಿನ್ನಿಂದ ಬಂದ ಗೇರ್ ಆ ಹಲ್ಲನ್ನೇ ತಿರುಗಿಸುತ್ತೆ, ಚಕ್ರ ಜಾಗ ಬಿಟ್ಟು ಹೋಗದ ಹಾಗೆ ಫ್ರೇಮಿನ ರೋಲರ್‌ಗಳು ಹಿಡಿದಿರುತ್ತವೆ. ಯಾಕೆ ಹೀಗೆ ಅಂದ್ರೆ, ನಡುವೆ ಅಚ್ಚು ಇದ್ರೆ ಚಕ್ರವನ್ನ ಅಚ್ಚಿನ ಮಟ್ಟದವರೆಗೆ ಮಾತ್ರ ನೆಲಕ್ಕೆ ಇಳಿಸಬಹುದು, ಮೂರು ನಾಲ್ಕು ಅಡಿ ತೋಡೋಕೆ ಅದರ ಎರಡರಷ್ಟಕ್ಕಿಂತ ಎತ್ತರದ ಚಕ್ರ ಬೇಕಾಗುತ್ತೆ. ಅಚ್ಚು ತೆಗೆದ್ರೆ ಅದೇ ಚಕ್ರ ಇನ್ನೂ ಆಳಕ್ಕೆ ಹೋಗುತ್ತೆ. ಇನ್ನೊಂದು ಲಾಭ, ಖಾಲಿಯಾದ ಹೊಟ್ಟೆಯೊಳಗೆ ಅಡ್ಡಕ್ಕೆ ಒಂದು ಕನ್ವೇಯರ್ ಬೆಲ್ಟ್ ಕೂರಿಸಬಹುದು. ಅಂಚಿನ ಬಕೆಟ್ಟುಗಳು ತಳದಿಂದ ಮೇಲಕ್ಕೆ ಮಣ್ಣು ಕೆರೆದುಕೊಂಡು ಬರುತ್ತವೆ, ಮೇಲೆ ಬಂದಾಗ ಮಣ್ಣು ಬೆಲ್ಟ್ ಮೇಲೆ ಬೀಳುತ್ತೆ, ಬೆಲ್ಟ್ ಅದನ್ನ ಪಕ್ಕಕ್ಕೆ ಸಾಗಿಸುತ್ತೆ. ಒಂದೇ ತೊಂದರೆಗೆ ಅಂತ ಅಚ್ಚು ತೆಗೆದದ್ದು ಎರಡು ತೊಂದರೆ ಕಳೀತು, ಇಂಜಿನಿಯರಿಂಗಲ್ಲಿ ನನಗೆ ತುಂಬಾ ಇಷ್ಟ ಆಗೋದು ಇಂಥದ್ದೇ.

ಆದ್ರೆ ಅಸಲು ಕೆಲಸ ಚಕ್ರದ ಹಿಂದೆ. ಅಲ್ಲಿ ಒಂದು ಕಬ್ಬಿಣದ ಶೂ ಇದೆ, ಚಕ್ರ ತೋಡಿದ ತಳದ ಮೇಲೆ ಅದು ಜಾರ್ತಾ ಬರುತ್ತೆ, ಉದುರಿದ ಪುಡಿ ಮಣ್ಣನ್ನ ಬಾಚಿ ತಳವನ್ನ ನುಣುಪು ಮಾಡುತ್ತೆ, ಟೈಲ್ ಅಲುಗಾಡದಂಗೆ ಕೂರೋ ಹಾಸು ಆಗುತ್ತೆ. ವಾಟಕ್ಕೆ ಏನು ಮಾಡಿದ್ರು ಅಂದ್ರೆ, ಹೊಲದುದ್ದಕ್ಕೂ ಮೊದಲೇ ಗೂಟ ನೆಟ್ಟು ಅದಕ್ಕೆ ಅಡ್ಡಪಟ್ಟಿ ಹೊಡೀತಿದ್ರು, ಪ್ರತಿ ಪಟ್ಟಿಯೂ ಟ್ರೆಂಚಿನ ತಳ ಎಲ್ಲಿ ಬರಬೇಕೋ ಅದರ ಮೇಲೆ ಅಷ್ಟೇ ಎತ್ತರಕ್ಕೆ, ಎಲ್ಲಾ ಪಟ್ಟಿಗಳಿಗೂ ಒಂದೇ ಅಳತೆ. ಯಂತ್ರದ ಮೇಲೂ ಒಂದು ಗುರಿ ಪಟ್ಟಿ. ಆಪರೇಟರ್ ಅದರ ಮೇಲೆ ಕಣ್ಣಿಟ್ಟು ದೂರದ ಪಟ್ಟಿಗಳ ಸಾಲಿಗೆ ಸೇರಿಸಿ ನೋಡ್ತಾ, ಯಂತ್ರದ ಗಾಲಿ ನೆಲದ ದಿಣ್ಣೆ ಹತ್ತಿದ್ರೆ ತೋಡೋ ಚಕ್ರ ಇಳಿಸೋದು, ಗುಂಡಿಗೆ ಇಳಿದ್ರೆ ಎತ್ತೋದು. ನೆಲ ಹೆಂಗಾದ್ರೂ ಇರಲಿ, ತಳ ಮಾತ್ರ ನೇರ. ಒಂದೇ ಸಲದ ಓಡಾಟಕ್ಕೆ ಪೂರ್ತಿ ಆಳ, ಪೂರ್ತಿ ವಾಟ, ಹಿಂದೇನೇ ಟೈಲ್ ಇಡ್ತಾ ಬರಬಹುದು. ನಮ್ಮ ಗಾರೆಯವರು ರಸಮಟ್ಟ, ಲೈನ್ ದಾರ ಹಿಡಿದು ಮಾಡೋ ಕೆಲಸಾನ ಒಬ್ಬ ಮನುಷ್ಯ ಓಡ್ತಿರೋ ಯಂತ್ರದ ಮೇಲೆ ಕೂತು ಮಾಡೋ ಹಾಗಾಯ್ತು.

ಇದಾದ ಮೇಲೆ ಒಂದೊಂದೇ ತಿದ್ದುಪಡಿ ಬಂದ್ವು, ಎಲ್ಲಾ ಹೊಲದಲ್ಲಿ ಕೆಟ್ಟು ನಿಂತು ಕಲಿತಿದ್ದೇ. ಹಬೆ ಯಂತ್ರ ಭಾರ, ಜೌಗಲ್ಲಿ ಗಾಲಿ ಹೂತುಹೋಗೋದು, ಅದಕ್ಕೆ ಗಾಲಿ ಬದಲು ಸುತ್ತೋ ಅಗಲ ಹಾಸು ಹಾಕಿದ್ರು, ಆಪ್ರನ್ ಅಂತಿದ್ರು, ಈಗಿನ ಹಿಟಾಚಿ ಕಡೆ ಕಾಣೋ ಚೈನ್ ಟ್ರ್ಯಾಕಿನ ಹಳೇ ನೆಂಟ. ಜೇಡಿ ಬಕೆಟ್ಟಿಗೇ ಅಂಟಿಕೊಂಡು ಬೀಳದೇ ಇದ್ರೆ ಅದನ್ನ ಕೆರೆದು ತೆಗೆಯೋ ಕ್ಲೀನರ್ ಬಂತು. ಚಕ್ರ ಟ್ರೆಂಚಿನ ಗೋಡೆಗೆ ಕಚ್ಚಿ ಸಿಕ್ಕಿಹಾಕಿಕೊಳ್ಳದ ಹಾಗೆ ಬದಿಯ ಕತ್ತಿಗಳು ಒಂಚೂರು ಹೊರಗೆ. 1906ಕ್ಕೆ ಬಕೈ ಟ್ರಾಕ್ಷನ್ ಡಿಚರ್ ಕಂಪನಿ ಅಂತಲೇ ಆಯ್ತು ಫಿಂಡ್ಲೇನಲ್ಲಿ, ಆಮೇಲೆ ಪೆಟ್ರೋಲ್ ಇಂಜಿನ್ ಬಂದು ಬಾಯ್ಲರ್, ಕಲ್ಲಿದ್ದಲು, ನೀರಿನ ಗಾಡಿ, ಬೆಂಕಿ ನೋಡಿಕೊಳ್ಳೋ ಆಳು ಯಾವುದೂ ಬೇಕಿಲ್ಲ ಅನ್ನೋ ಹಾಗಾಯ್ತು.

ಊರೊಳಗೆ ಚರಂಡಿ, ನೀರಿನ ಪೈಪ್ ಹೂಳೋಕೆ ಇನ್ನೂ ಆಳ ಬೇಕಿತ್ತು, ಅದಕ್ಕೆ ಚಕ್ರ ಆಗಲ್ಲ. ಅಯೋವಾದ ನ್ಯೂಟನ್ನಲ್ಲಿ ಪಾರ್ಸನ್ಸ್, ಇಲಿನಾಯ್‌ನ ಅರೋರಾದಲ್ಲಿ ಬಾರ್ಬರ್ ಗ್ರೀನ್, ಇವರೆಲ್ಲ ಉದ್ದ ತೋಳಿನ ಮೇಲೆ ಚೈನಿಗೆ ಬಕೆಟ್ ಕಟ್ಟಿ ಏಣಿ ತರದ ಯಂತ್ರ ಮಾಡಿದ್ರು. ಬಾರ್ಬರ್ ಗ್ರೀನ್‌ನದ್ದು ಒಂದು ಉಪಾಯ ಹೇಳಲೇಬೇಕು, ನೆಲದಲ್ಲಿ ಬಂಡೆ, ಹಳೇ ಪೈಪ್ ಸಿಕ್ಕಿ ಚೈನಿಗೆ ಹೊರೆ ಮಿತಿ ಮೀರಿದ್ರೆ ಸ್ಪ್ರಾಕೆಟ್, ಅಂದ್ರೆ ಚೈನ್ ತಿರುಗಿಸೋ ಹಲ್ಲಿನ ಚಕ್ರ, ತಾನೇ ಬಿಟ್ಟುಕೊಳ್ಳುತ್ತೆ, ಚೈನ್ ಹರಿಯೋಕೆ ಮುಂಚೆ. ಮನೆಮನೆಗೆ ಹೋಗೋ ಸಣ್ಣ ಪೈಪಿಗೆ ಮಾತ್ರ ಎರಡನೇ ಮಹಾಯುದ್ಧ ಮುಗಿಯೋ ತನಕ ಗುದ್ದಲಿ ಸಲಿಕೆನೇ ಗತಿ, ಒಕ್ಲಹೋಮಾದ ಪೆರ್ರಿ ಊರಲ್ಲಿ ಎಡ್ ಮಾಲ್ಜಾನ್ ಅನ್ನೋ ಇಂಜಿನಿಯರ್ ಅಪ್ಪನ ಶಾಪಲ್ಲಿ ಸಣ್ಣ ಟ್ರೆಂಚರ್ ಮಾಡಿ 1949ರಲ್ಲಿ ಮಾರಾಟಕ್ಕೆ ತಂದ, ಇವತ್ತಿನ ಡಿಚ್ ವಿಚ್ ಕಂಪನಿ ಅದೇ. ನಮ್ಮೂರಲ್ಲಿ ಈಗ ಫೈಬರ್ ಕೇಬಲ್ಲಿಗೆ ಅಂತ ರಸ್ತೆ ಅಂಚು ಸೀಳ್ಕೊಂಡು ಹೋಗೋ ಯಂತ್ರ ಕಾಣ್ತೀರಲ್ಲ, ಆ ವಂಶದ್ದು.

ವಾಟದ ಕಥೆ ಮಾತ್ರ ಒಹಾಯೋಗೇ ವಾಪಸ್ ಬಂತು. 1960ರ ದಶಕದಲ್ಲಿ ಕೊಲಂಬಸ್‌ನಲ್ಲಿ ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು ಗೂಟ, ಅಡ್ಡಪಟ್ಟಿ, ಆಪರೇಟರ್ ಕಣ್ಣು ಮೂರನ್ನೂ ತೆಗೆದು ಲೇಸರ್ ತಂದ್ರು. ಹೊಲದ ಮಧ್ಯ ಸ್ಟ್ಯಾಂಡ್ ಮೇಲೆ ಲೇಸರ್ ತಿರುಗ್ತಾ ಬೇಕಾದ ವಾಟಕ್ಕೆ ಬಾಗಿದ ಬೆಳಕಿನ ತಟ್ಟೆ ಹರಡುತ್ತೆ, ಯಂತ್ರದ ಕಂಬದ ರಿಸೀವರ್ ಅದನ್ನ ಹಿಡಿದು ಹೈಡ್ರಾಲಿಕ್ಸ್‌ಗೆ ಹೇಳುತ್ತೆ, ಚಕ್ರ ತಾನೇ ಏರಿಳಿಯುತ್ತೆ. ಅದೇ ಕಾಲಕ್ಕೆ ಮಣ್ಣಿನ ಟೈಲ್ ಹೋಗಿ ತೂತಿನ, ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಪೈಪ್ ಸುರುಳಿ ಬಂತು. ಈಗ ನಮ್ಮ ಪಕ್ಕದ ರೈತ ಗೋಧಿ ಕಟಾವಾದ ಮೇಲೆ ಜಿಪಿಎಸ್ ಇರೋ ಟ್ರ್ಯಾಕ್ಟರಿಗೆ ನೇಗಿಲು ಕಟ್ಟಿ, ಟ್ರೆಂಚೇ ತೋಡದೆ ಮಣ್ಣು ಸೀಳಿ ಪೈಪ್ ಇಳಿಸ್ತಾ ಹೋಗ್ತಾನೆ.

ಇದರಿಂದ ಬರೀ ಒಳ್ಳೇದೇ ಆಯ್ತು ಅಂತ ಹೇಳಕ್ಕೆ ಆಗಲ್ಲ. ಜೌಗು ಹೋಯ್ತು ಅಂದ್ರೆ ನೀರು ಸೋಸೋ ಜಾಗ ಹೋಯ್ತು. ಗೊಬ್ಬರದ ರಂಜಕ (ಫಾಸ್ಫರಸ್) ಈ ಪೈಪುಗಳಲ್ಲೂ ಕರಗಿ ಮಾಮೀ ನದಿ ಮೂಲಕ ಈರೀ ಸರೋವರ ಸೇರುತ್ತೆ, ಬೇಸಿಗೆಗೆ ಹಸಿರು ಪಾಚಿ. 2014ರ ಆಗಸ್ಟಲ್ಲಿ ಟೊಲೀಡೋ ನಲ್ಲಿ ನೀರಲ್ಲಿ ಪಾಚಿ ವಿಷ ಬಂದು ಹೆಚ್ಚುಕಮ್ಮಿ 5 ಲಕ್ಷ ಜನ ಎರಡು ಮೂರು ದಿನ ನಲ್ಲಿ ನೀರು ಕುಡಿಯೋ ಹಾಗಿರಲಿಲ್ಲ, ಕುದಿಸಿದ್ರೂ ಆ ವಿಷ ಹೋಗಲ್ಲ. ಈಗ ಪೈಪಿನ ಬಾಯಿಗೆ ಹಲಗೆ ಇಟ್ಟು ಬೇಕಾದಾಗ ಮಾತ್ರ ನೀರು ಬಿಡೋ ಪದ್ಧತಿಗೆ ಸರ್ಕಾರವೇ ದುಡ್ಡು ಕೊಡ್ತಿದೆ, ಕೊಡಲೇಬೇಕು ಅಂತ ನನ್ನ ಅಭಿಪ್ರಾಯ.

ಇಷ್ಟೆಲ್ಲಾ ನಾನು ಯಾಕೆ ತಲೆಗೆ ಹಚ್ಕೊಂಡೆ ಅಂದ್ರೆ ನಾವು ಗಂಗಾವತಿ ಕಡೆಯವರು. 1953ರಲ್ಲಿ ತುಂಗಭದ್ರಾ ನೀರು ಬಂತು, ಯೋಜನೆ ಇದ್ದಿದ್ದು ಕಡಿಮೆ ನೀರಿನ ಬೆಳೆಗೆ, ನಾವು ಬೆಳೆದಿದ್ದು ಭತ್ತ. ಎರೆ ಭೂಮಿಯಲ್ಲಿ ನೀರು ನಿಂತು ನಿಂತು ಕೆಳಗಿನ ನೀರು ಮೇಲೆ ಬಂತು, ಅದರ ಜೊತೆ ಉಪ್ಪೂ ಬಂತು, ಬಿಸಿಲಿಗೆ ನೀರು ಆರಿ ಹೊಲದ ಮೇಲೆ ಬೆಳ್ಳಗೆ ಪೊರೆ. ಸವಳು ಜವಳು. ನಮ್ಮ ಕಾಕಾನ ಕೆಳಗಿನ ಹೊಲ ಹಂಗೇ ಬಿದ್ದಿದೆ, ಜಾಲಿ ಬಿಟ್ರೆ ಏನೂ ಬರಲ್ಲ. ಅದಕ್ಕೂ ಮದ್ದು ಇದೇ, ನೆಲದಡಿ ತೂತಿನ ಪೈಪ್ ಹಾಕಿ ಮೇಲಿಂದ ನೀರು ಕಟ್ಟಿ ಉಪ್ಪನ್ನ ತೊಳೆದು ಹೊರಗೆ ಬಸಿಯೋದು. ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದವರು ವರ್ಷಗಟ್ಟಲೆ ಇದರ ಮೇಲೆ ಕೆಲಸ ಮಾಡಿದ್ದಾರೆ, ಮೊದಲು ಅವರನ್ನ ಕೇಳಿ.

ಪೈಪ್ ಹಾಕಿಸೋರು ಇದ್ರೆ ಗುತ್ತಿಗೆದಾರರ ಹತ್ರ ಎಷ್ಟು ಮೀಟರ್ ಪೈಪ್, ಎಷ್ಟು ರೇಟ್ ಅಂತ ಮಾತ್ರ ಕೇಳಬೇಡಿ. ವಾಟ ಎಷ್ಟು, ಯಾವುದರಿಂದ ನೋಡ್ತೀರಿ, ಲೇಸರ್ ಇದೆಯಾ ಅಂತ ಕೇಳಿ, ಮುಚ್ಚೋಕೆ ಮುಂಚೆ ತಳದ ಲೆವೆಲ್ ನಿಮ್ಮ ಎದುರೇ ತೋರಿಸಲಿ. ಪೈಪಿನ ಸುತ್ತ ಫಿಲ್ಟರ್ ಬಟ್ಟೆ ಇದೆಯಾ ನೋಡಿ. ಕೆಲಸ ಯಾವಾಗಲೂ ನೀರು ಹೊರಗೆ ಬೀಳೋ ಬಾಯಿಯಿಂದ ಶುರು ಆಗಿ ಮೇಲಕ್ಕೆ ಹೋಗಬೇಕು, ಆಗ ತೋಡ್ತಾ ತೋಡ್ತಾನೇ ನೀರು ಹರಿದು ಹೋಗುತ್ತೆ. ಆ ಬಾಯಿ ಬಿಡೋ ಹಳ್ಳದ ತಳ ಪೈಪಿಗಿಂತ ಕೆಳಗೆ ಇದೆಯಾ ಅನ್ನೋದು ಎಲ್ಲಕ್ಕಿಂತ ಮೊದಲು. ನಮ್ಮ ಕಡೆ ಹಳ್ಳಗಳಲ್ಲಿ ಹೂಳು, ಆಪು ಹುಲ್ಲು ತುಂಬಿ ನೀರೇ ಸಾಗಲ್ಲ, ಕಾಕಾಗೂ ಅದನ್ನೇ ಹೇಳಿದೀನಿ, ಅಕ್ಕಪಕ್ಕದ ಹೊಲದವರನ್ನ ಸೇರಿಸಿ ಈ ಬೇಸಿಗೆಗೆ ಹಳ್ಳದ ಹೂಳು ತೆಗೆಸಿ, ಪೈಪ್ ಮಾತು ಆಮೇಲೆ.